ಕೀಲುಸುಖ: ಹಗುರವಾಗುತ್ತಿದ್ದ ಪೊಟ್ಟಣಗಳು

ಕೊಟ್ರಬಸಮ್ಮ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿ, ಆ ಗಂಟನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು.

“ಕೊಡಂಗಿಲ್ಲ ನೋಡ್ರಿ ಮೇಡಮ್ಮ. ಬೇಕಾದ್ರ ನನ್ನೇ ಜೀಪಿನಾಗ ಹಾಕ್ಕೊಂಡು ಹೋಗ್ರಿ.”

ಔಷಧ ಇಲಾಖೆಯ ಇನ್‌ಸ್ಪೆಕ್ಟರ್ ಸಂಘಮಿತ್ರಾ ಪಟ್ಟಿಯ ಹಾಳೆ ತಿರುವಿದಳು. ತೆಲಿಗಿಯಲ್ಲಿ ಬೆಳಗಿನಿಂದ ಇದು ಒಂಬತ್ತನೇ ಮನೆ. ಹಿಂದಿನ ಎಂಟು ಮನೆಗಳಲ್ಲೂ ಇದೇ ಮಾತು. ಒಬ್ಬರು ಅತ್ತಿದ್ದರು, ಒಬ್ಬರು ಬೈದಿದ್ದರು, ಒಬ್ಬರು ಚಹಾ ಕೊಟ್ಟು ಬರಿಗೈಯಲ್ಲಿ ಕಳಿಸಿದ್ದರು. ಯಾವುದೂ ಅವಳನ್ನು ತಾಕಿರಲಿಲ್ಲ. ಎರಡೂವರೆ ತಿಂಗಳ ಹಿಂದೆ ಅವ್ವ ತೀರಿಕೊಂಡಾಗಿನಿಂದ ಜನರ ಮಾತು ಅವಳಿಗೆ ಪಕ್ಕದ ಮನೆಯ ಟಿವಿಯ ಹಾಗೆ ಕೇಳಿಸುತ್ತಿತ್ತು. ಅರ್ಥವಾಗುತ್ತಿತ್ತು, ಅಷ್ಟೆ.

ಮಂಗಳವಾರ ಕೈಸೇರಿದ ಪ್ರಯೋಗಾಲಯದ ವರದಿ ಬ್ಯಾಗಿನಲ್ಲಿತ್ತು. ‘ಶುದ್ಧ ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ’ ಎಂಬ ಲೇಬಲ್ ಹಚ್ಚಿಕೊಂಡು ಜಿಲ್ಲೆಯ ಐದು ತಾಲ್ಲೂಕಿನ ಕಿರಾಣಿ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ‘ಕೀಲುಸುಖ’ ಚೂರ್ಣದಲ್ಲಿ ಸ್ಟೆರಾಯ್ಡ್ ಇತ್ತು, ಜೊತೆಗೆ ನೋವಿನ ಮಾತ್ರೆಯ ಪುಡಿ ಇತ್ತು. ಲೇಬಲ್ಲಿನಲ್ಲಿದ್ದ ಹಲವಾಗಲು ಎಂಬ ಊರಿನ ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿ ಕಾರ್ಖಾನೆಯೇ ಇರಲಿಲ್ಲ, ಹೊಳೆಗಿಳಿಯುವ ಮೆಟ್ಟಿಲುಗಳಿದ್ದವು. ಹೊಸ ಜಿಲ್ಲೆಯಾದ ಮೇಲೆ ಸುಳ್ಳು ಲೇಬಲ್ಲಿನ ಮೇಲೆ ಸರ್ಕಾರ ಕೈಹಾಕಿದ ಮೊದಲ ಪ್ರಕರಣ ಇದು. ಅಂಗಡಿ, ಮನೆ ಎನ್ನದೆ ಶನಿವಾರದೊಳಗೆ ಪೊಟ್ಟಣಗಳನ್ನೆಲ್ಲ ವಶಕ್ಕೆ ತೆಗೆದುಕೊಳ್ಳಿ ಎಂದು ಮೇಲಧಿಕಾರಿ ಹೇಳಿದ್ದರು. ಇಂದು ಗುರುವಾರ.

ಕೊಟ್ರಬಸಮ್ಮ ತನ್ನ ಕಥೆ ಹೇಳುತ್ತಲೇ ಇದ್ದಳು. ಎರಡು ವರ್ಷದ ಹಿಂದೆ ಎಮ್ಮೆ ಹಿಂಡಲು ಕುಕ್ಕರಗಾಲಿನಲ್ಲಿ ಕೂರಲು ಆಗುತ್ತಿರಲಿಲ್ಲವಂತೆ. ಬಚ್ಚಲಿಗೆ ಹೋಗಬೇಕಾದರೂ ಸೊಸೆ ಕೈಹಿಡಿಯಬೇಕಿತ್ತಂತೆ. ಈ ಪುಡಿ ತಿಂದ ಮೂರನೇ ದಿನಕ್ಕೆ ಎದ್ದು ನಡೆದಳಂತೆ.

ಸಂಘಮಿತ್ರಾ ಅವಳ ಮುಖ ನೋಡಿದಳು. ಕೆನ್ನೆಗಳು ಊದಿ, ಕಣ್ಣು ಸಣ್ಣದಾಗಿ, ಮುಖ ಗುಂಡಗೆ ತುಂಬಿಕೊಂಡಿತ್ತು. ತೋಳುಗಳು ಮಾತ್ರ ಕಡ್ಡಿಯಂತಿದ್ದವು. ಮುಂಗೈಯ ಮೇಲೆ ಅಲ್ಲಲ್ಲಿ ನೇರಳೆ ಬಣ್ಣದ ಕಲೆಗಳು. ಕಡೆಯ ವರ್ಷದಲ್ಲಿ ಸಂಘಮಿತ್ರಾಳ ಅವ್ವ ಮಾರೆಮ್ಮನ ಮುಖವೂ ಹೀಗೇ ಆಗಿತ್ತು. ಕೂಡ್ಲಿಗಿಯ ಓಣಿಯವರು, ‘ಮಗಳು ಆಫೀಸರ್ ಆದ ಮ್ಯಾಲೆ ಮಾರೆಮ್ಮ ಮೈಕೈ ತುಂಬ್ಕೊಂಡಾಳ’ ಎನ್ನುತ್ತಿದ್ದರು.

“ತುಂಬಿದ್ದು ಬ್ಯಾಡಮ್ಮ,” ಎಂದಳು. “ಖಾಲಿ ಪೊಟ್ಟಣ ಇದ್ರ ತೋರಿಸ್ರಿ.”

ಅದಕ್ಕೆ ಕೊಟ್ರಬಸಮ್ಮ ಒಪ್ಪಿದಳು. ಗೋಡೆಯ ಗೂಡಿನಿಂದ ಮೂರು ಪೊಟ್ಟಣ ತಂದು ಕೊಟ್ಟಳು. ಎಲ್ಲದರ ಮೇಲೂ ಅದೇ ಹಸಿರು ಲೇಬಲ್, ಅದೇ ಎಲೆಯ ಚಿತ್ರ. ಆದರೆ ಬೆನ್ನಿನಲ್ಲಿ, ಮೂಲೆಯಲ್ಲಿ, ನೀಲಿ ಪೆನ್ನಿನಿಂದ ಬರೆದ ಒಂದೊಂದು ಅಂಕಿ ಇತ್ತು. ಎಂಟು. ಏಳು. ಆರು.

“ಬ್ಯಾಚ್ ನಂಬರ್ ಇರಬೇಕ್ರಿ ಮೇಡಂ,” ಎಂದ ಜೀಪಿನ ಚಾಲಕ ಹುಲುಗೇಶ್, ಭುಜದ ಹಿಂದಿನಿಂದ ಬಗ್ಗಿ ನೋಡುತ್ತ.

ಬ್ಯಾಚ್ ನಂಬರನ್ನು ಯಾರೂ ಪೆನ್ನಿನಲ್ಲಿ ಬರೆಯುವುದಿಲ್ಲ. ಅವಳು ಪೊಟ್ಟಣವನ್ನು ಬೆಳಕಿಗೆ ಹಿಡಿದಳು. ಇದುವರೆಗೆ ನೋಡಿದ ಪೊಟ್ಟಣಗಳಲ್ಲಿ ವಾರಕ್ಕೆಂದು ಏಳು ಪುಟ್ಟ ಪ್ಲಾಸ್ಟಿಕ್ ಸ್ಯಾಶೆಗಳಿದ್ದವು, ಯಂತ್ರದಲ್ಲಿ ಅಂಟಿಸಿದವು. ಇವುಗಳಲ್ಲಿ ಪ್ಲಾಸ್ಟಿಕ್ಕಿನ ಚೂರೂ ಇರಲಿಲ್ಲ. ತಳದಲ್ಲಿ ಬಿಳಿ ಕಾಗದದ ಮಡಿಕೆಗಳು ಉಳಿದಿದ್ದವು. ಯಾರೋ ಕಾರ್ಖಾನೆಯ ಸ್ಯಾಶೆ ತೆಗೆದು, ಕೈಯಲ್ಲಿ ಕಟ್ಟಿದ ಪುಡಿ ತುಂಬಿದ್ದರು.

ಯಾರು ಕೊಟ್ಟದ್ದೆಂದು ಕೇಳಿದಾಗ ಕೊಟ್ರಬಸಮ್ಮ ಬಾಯಿ ಬಿಗಿದಳು. ಸೆರಗಿನ ಗಂಟಿನಲ್ಲಿರುವುದರ ಮೇಲೆ ಎಷ್ಟು ಬರೆದಿದೆ ಎಂದದ್ದಕ್ಕೆ ಮಾತ್ರ ಐದು ಎಂದಳು. ಆಮೇಲೆ ತಾನಾಗಿಯೇ, ತಗ್ಗಿದ ದನಿಯಲ್ಲಿ ಸೇರಿಸಿದಳು: “ಮೊಣಕಾಲು ಮತ್ತ ಹಿಡ್ಯಾಕತ್ತೈತಿ. ತಡ್ಕೋ ತಾಯಿ, ಪೂರಾ ಬಿಡಬ್ಯಾಡ, ಒಂದಿನಾನೂ ತಪ್ಪಿಸಬ್ಯಾಡ ಅಂತ ಅಜ್ಜಾರು ಆಣಿ ಹಾಕಿಸ್ಯಾರ.”

ಗಂಟು ಬಿಚ್ಚಿಸದೆ ಸಂಘಮಿತ್ರಾ ಎದ್ದಳು. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ ಆ ಮನೆಯ ಎದುರು ‘ಇಲ್ಲ’ ಎಂದು ಬರೆದಳು.

ಊರಿನಲ್ಲಿ ಕೀಲುಸುಖ ಮಾರುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಎದುರಿನ ಕರಿಸಿದ್ದಪ್ಪನ ಕಿರಾಣಿ ಅಂಗಡಿಯಲ್ಲಿ. ಅಂಕಿ ಬರೆದ ಪೊಟ್ಟಣದ ವಿಷಯ ತನಗೆ ಗೊತ್ತೇ ಇಲ್ಲವೆಂದು ಅವನು ಮೊದಲು ಸಾಧಿಸಿದ. ಸಂಘಮಿತ್ರಾ ವರದಿಯನ್ನು ಸಕ್ಕರೆ ಚೀಲದ ಮೇಲೆ ಹರವಿ, ಇಂಥ ಪುಡಿ ಮಾರಿದವರಿಗೆ ಕಾನೂನಿನಲ್ಲಿ ಏನಿದೆ ಎಂಬುದನ್ನು ಒಂದೇ ಸಮನಾದ ದನಿಯಲ್ಲಿ ಓದಿದಳು. ಹೆದರಿಸಬೇಕೆಂದೇನೂ ಇರಲಿಲ್ಲ. ಬಸ್ಸಿನ ವೇಳಾಪಟ್ಟಿ ಓದಿದ ಹಾಗಿತ್ತು. ಆ ದನಿಗೇ ಕರಿಸಿದ್ದಪ್ಪ ಬೆವರಿದ.

ನಾಲ್ಕು ವಾರದಿಂದ ಪ್ರತಿ ಸೋಮವಾರ ಕೊಟ್ಟೂರು ಕಡೆಯ ಬಸ್ಸಿನಿಂದ ಒಬ್ಬ ಹಿರಿಯರು ಇಳಿಯುತ್ತಾರಂತೆ. ಹೆಗಲಿಗೊಂದು ಬಟ್ಟೆಯ ಚೀಲ. ಯಾರು ಯಾರು ಎಷ್ಟು ವರ್ಷದಿಂದ ಈ ಪುಡಿ ತಿನ್ನುತ್ತಿದ್ದಾರೆ ಎಂದು ಪಟ್ಟಿ ಮಾಡಿಕೊಂಡಿದ್ದಾರಂತೆ. ಅವರ ಮನೆಯ ಹಳೆಯ ಪೊಟ್ಟಣ ತೆಗೆದುಕೊಂಡು, ಅಂಕಿ ಬರೆದದ್ದು ಕೊಟ್ಟು ಹೋಗುತ್ತಾರಂತೆ. ಯಾರಿಂದಲೂ ಏನೂ ಕೇಳುವುದಿಲ್ಲ. ಹೆಸರು ಕೇಳಿದರೆ ನಗುತ್ತಾರೆ.

“ನೀವು ಯಾಕ ಸುಮ್ಮನಿದ್ರಿ? ನಿಮ್ಮ ಯಾಪಾರ ಹಾಳು ಮಾಡೋ ಮನಷ್ಯಾನ್ನ?”

ಕರಿಸಿದ್ದಪ್ಪ ಒಳಕೋಣೆಯ ಕಡೆ ನೋಡಿದ. ಅಲ್ಲಿ ಮಂಚದ ಮೇಲೆ ಅವನ ತಂದೆ ಮಲಗಿದ್ದ, ಗುಂಡು ಮುಖದ ಮುದುಕ. “ನಮ್ಮಪ್ಪನೂ ಆ ಪಟ್ಟಿಯಾಗ ಅದಾನ್ರಿ. ಈ ಪುಡಿ ಒಮ್ಮೆಲೆ ಬಿಡಿಸಿದ್ರ ನಿಮ್ಮಪ್ಪ ಉಳಿಯಂಗಿಲ್ಲ ಅಂದ್ರು. ದವಾಖಾನಿಯಾಗ ದುಡಿದ ಕೈ ಅದು, ಸುಳ್ಳು ಹೇಳಂಗ ಕಾಣಲಿಲ್ಲ.”

ಪಟ್ಟಿಯಲ್ಲಿದ್ದು ಬೇರೆ ಊರಿಗೆ ಹೋದ ಯಾರಿಗೋ ಎಂದು ಬಿಟ್ಟುಹೋಗಿದ್ದ ಎರಡು ಪೊಟ್ಟಣ ಅಂಗಡಿಯಲ್ಲಿ ಉಳಿದಿದ್ದವು, ಏಳು ಮತ್ತು ಆರು. ಅವನ್ನು ಕೊಟ್ಟ. ಆಮೇಲೆ ಕೇಳದಿದ್ದರೂ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಹೊಚ್ಚ ಹೊಸ ಡಬ್ಬವೊಂದನ್ನು ಎತ್ತಿ ಮುಂದಿಟ್ಟ. ಸೋಮವಾರ ಬಂದ ಮಾಲು. ಮೇಡಂ ಬಂದರೆ ಎಷ್ಟು ಬೇಕಾದರೂ ಸ್ಯಾಂಪಲ್ ಕೊಡಿ, ಬೇಕಾದರೆ ಎರಡು ಹೆಚ್ಚಿಗೆ ಕೊಡಿ ಎಂದು ಪ್ರವೀಣಕುಮಾರ್ ಹೇಳಿ ಕಳಿಸಿದ್ದಾರಂತೆ.

ಹರಪನಹಳ್ಳಿಯ ಪ್ರವೀಣಕುಮಾರ್ ಐದೂ ತಾಲ್ಲೂಕಿಗೆ ಕೀಲುಸುಖ ಹಂಚುವ ಏಜೆಂಟ್. ಹೋದ ವಾರ ಅವನ ಗೋದಾಮಿನಲ್ಲಿ ಸಂಘಮಿತ್ರಾ ಮೂರು ತಾಸು ಕೂತಿದ್ದಳು. ಮಾಲು ಎಲ್ಲಿಂದ ಬರುತ್ತದೆ, ತಯಾರಿಸುವವರು ಯಾರು ಎಂಬುದಕ್ಕೆ ಅವನು ಒಂದೇ ಉತ್ತರ ಹಿಡಿದಿದ್ದ: ಫೋನ್ ಬರುತ್ತದೆ, ವ್ಯಾನು ಬರುತ್ತದೆ, ನಾನು ಇಳಿಸಿಕೊಳ್ಳುತ್ತೇನೆ. ಪುಸ್ತಕ ಸಮೇತ ನಾಳೆ ಶುಕ್ರವಾರ ಕಚೇರಿಗೆ ಬರಬೇಕೆಂದು ಅವನಿಗೆ ನೋಟಿಸ್ ಕೊಟ್ಟಾಗಿತ್ತು.

ನಿಯಮದಂತೆ ಹೊಸ ಡಬ್ಬದಿಂದ ಸ್ಯಾಂಪಲ್ ತೆಗೆದು, ನಾಲ್ಕು ಭಾಗ ಮಾಡಿ, ಅರಗು ಹಾಕಿ ಮುದ್ರೆ ಒತ್ತಿದಳು.

ಜೀಪು ಹರಪನಹಳ್ಳಿಯ ದಾರಿ ಹಿಡಿದ ಮೇಲೆ ಹುಲುಗೇಶ್ ಹೇಳಿದ: “ಹೋದ ವಾರ ಹುಲ್ಲಿನ ಬಣವಿಯಾಗ ಮುಚ್ಚಿಡತಿದ್ರು. ಈಗ ಕೈಗೆ ತುರುಕಾಕತ್ಯಾರ. ಏನೋ ಐತ್ರಿ ಮೇಡಂ.”

ಅವಳಿಗೂ ಹಾಗೇ ಅನ್ನಿಸಿತ್ತು. ಅನ್ನಿಸಿದ್ದು ಒಳಗೆ ಇಳಿಯಲಿಲ್ಲ. ಡ್ಯಾಶ್‌ಬೋರ್ಡಿನ ಮೇಲಿದ್ದ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ ‘ಅಪ್ಪ’ ಎಂದು ಬಂತು. ಫೋನನ್ನು ಬೋರಲು ಹಾಕಿದಳು. ಎರಡೂವರೆ ತಿಂಗಳಲ್ಲಿ ಅವಳು ಅಪ್ಪನ ಫೋನು ಎತ್ತಿದ್ದು ನಾಲ್ಕು ಸಲ ಇರಬಹುದು.

ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಅಮೃತಾ ಊಟಕ್ಕೆಂದು ಏಳುತ್ತಿದ್ದವರು ವರದಿ ನೋಡಿ ಮತ್ತೆ ಕೂತರು. ಒಂದೇ ಪುಟದ ಕಾಗದವನ್ನು ಎರಡು ಸಲ ಓದಿದರು. ಎಷ್ಟು ಜನ ತಿನ್ನುತ್ತಿದ್ದಾರೆ ಎಂದು ಕೇಳಿದರು. ಐದು ತಾಲ್ಲೂಕಿನಲ್ಲಿ ಎಷ್ಟೆಂದು ಯಾರಿಗೂ ಗೊತ್ತಿಲ್ಲ ಎಂದಳು ಸಂಘಮಿತ್ರಾ. ಶನಿವಾರದೊಳಗೆ ಎಲ್ಲವನ್ನೂ ವಶಪಡಿಸಿಕೊಳ್ಳುವ ಆದೇಶವಿದೆ ಎಂದೂ ಹೇಳಿದಳು.

“ಮನೆಗಳಲ್ಲಿರೋದನ್ನ ಮುಟ್ಟಬೇಡಿ ಮೇಡಂ,” ಎಂದರು ಅಮೃತಾ. “ನಮ್ಮ ಮೈಯೊಳಗೇ ಸ್ಟೆರಾಯ್ಡ್ ತಯಾರಾಗುತ್ತಲ್ಲ, ಹೊರಗಿಂದ ದಿನಾ ಬರ್ತಿದ್ರೆ ಮುಖ ಊದಿ ಗುಂಡಗಾಗುತ್ತೆ, ಅದನ್ನ ತಯಾರಿಸೋ ಗ್ರಂಥಿ ನಿದ್ದೆ ಹೋಗುತ್ತೆ. ಒಮ್ಮೆಲೇ ನಿಲ್ಲಿಸಿದ್ರೆ ಅದು ಏಳಬೇಕಾದ್ರೆ ವಾರಗಳೇ ಬೇಕು. ಅಷ್ಟರೊಳಗೆ ವಾಂತಿ, ನಿತ್ರಾಣ, ಬಿ.ಪಿ. ಬಿದ್ದುಹೋಗುತ್ತೆ. ಮೂರು ದಿನ, ನಾಲ್ಕು ದಿನ. ಹತ್ತಿರದವರು ಹಾರ್ಟ್ ಅಟ್ಯಾಕ್ ಅಂದ್ಕೋತಾರೆ.”

ಸಂಘಮಿತ್ರಾ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೂರು ದಿನ, ನಾಲ್ಕು ದಿನ.

ಬರೆಯಬೇಕಾದ ಅಗತ್ಯವೇ ಇರಲಿಲ್ಲ. ಫಾರ್ಮಸಿ ಓದುವಾಗ ಇದೇ ಪ್ರಶ್ನೆಗೆ ಅವಳು ಐದು ಅಂಕದ ಉತ್ತರ ಬರೆದಿದ್ದಳು. ಮಂಗಳವಾರ ವರದಿಯಲ್ಲಿ ಆ ಔಷಧದ ಹೆಸರು ಓದಿದ ಕ್ಷಣವೇ ಲೆಕ್ಕ ಹಾಕಬಹುದಿತ್ತು. ಹಾಕಿರಲಿಲ್ಲ. ಎರಡು ದಿನದಿಂದ ಆ ಕಾಗದವನ್ನು ಬ್ಯಾಗಿನಲ್ಲಿ ಹೊತ್ತುಕೊಂಡು, ಆ ಒಂದು ಸಾಲನ್ನು ಮಾತ್ರ ದಾಟಿ ದಾಟಿ ಓದುತ್ತಿದ್ದಳು.

ಎರಡೂವರೆ ತಿಂಗಳ ಹಿಂದೆ, ಒಂದು ಭಾನುವಾರ, ಅವ್ವನ ಅಡುಗೆಮನೆಯಲ್ಲಿ ಅವಳಿಗೆ ಕೀಲುಸುಖದ ಹಸಿರು ಲೇಬಲ್ಲಿನ ಡಬ್ಬ ಸಿಕ್ಕಿತ್ತು. ಲೈಸೆನ್ಸ್ ನಂಬರ್ ಇಲ್ಲ, ಒಳಗೇನಿದೆಯೆಂಬ ವಿವರವಿಲ್ಲ. ನೋವಿನ ಮಾತ್ರೆ ಪುಡಿ ಮಾಡಿ ಹಾಕಿರುತ್ತಾರೆ, ನಿನ್ನ ಮೂತ್ರಪಿಂಡ ಹೋಗುತ್ತದೆ ಎಂದು ಅವ್ವನನ್ನು ಬೈದು, ಡಬ್ಬದಲ್ಲಿದ್ದದ್ದನ್ನೆಲ್ಲ ಬಚ್ಚಲಿಗೆ ಸುರಿದು, ಕೈತೊಳೆದುಕೊಂಡು ಡ್ಯೂಟಿಯ ಊರಿಗೆ ಮರಳಿದ್ದಳು. ಅವ್ವ ಹೋದದ್ದು ಗುರುವಾರ. ಭಾನುವಾರದಿಂದ ಗುರುವಾರ. ಪ್ರಮಾಣಪತ್ರದಲ್ಲಿ ಹೃದಯಾಘಾತ ಎಂದಿತ್ತು.

ಈಗ ಲೆಕ್ಕ ಕೂಡಿತು. ಅಳು ಬರಬಹುದೆಂದು ಅವಳು ಕಾದಳು. ಬರಲಿಲ್ಲ. ಕಿಟಕಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು. ಆ ಸಪ್ಪಳ ಮಾತ್ರ ಬಹಳ ಸ್ಪಷ್ಟವಾಗಿ ಕೇಳಿಸಿತು.

ಬ್ಯಾಗಿನಿಂದ ಎರಡು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, ನಾಲ್ಕು ವಾರದಿಂದ ಇವನ್ನು ಹಂಚುತ್ತಿರುವ ಹಿರಿಯರ ವಿಷಯ ಹೇಳಿದಳು. ಏಳರ ಅಂಕಿಯ ಪೊಟ್ಟಣದಿಂದ ಒಂದು ಮಡಿಕೆ, ಆರರ ಅಂಕಿಯದರಿಂದ ಒಂದು ಮಡಿಕೆ ಬಿಚ್ಚಿ ಅಮೃತಾ ಪಕ್ಕಪಕ್ಕ ಇಟ್ಟರು. ಎರಡರಲ್ಲೂ ಅದೇ ಕಂದು ಪುಡಿ. ಆರರ ಗುಡ್ಡೆ ಕಣ್ಣಿಗೆ ಕಾಣುವಷ್ಟು ಸಣ್ಣದಿತ್ತು.

ಅಮೃತಾ ನಿಧಾನವಾಗಿ ತಲೆಯಾಡಿಸಿದರು. ಯಾರೋ ವಾರವಾರಕ್ಕೂ ಇಳಿಸುತ್ತ ಬಂದಿದ್ದಾರೆ ಎಂದರು. ಎಂಟು ವಾರದಲ್ಲಿ ಬಿಡಿಸುವ ಲೆಕ್ಕ. ನಾನು ಮಾಡಿದ್ದರೂ ಹೀಗೇ ಮಾಡುತ್ತಿದ್ದೆ, ಒಳಗೇನಿದೆ ಎಂದು ಗೊತ್ತಿರುವವರ ಕೆಲಸ ಇದು ಎಂದರು.

ನಿಮ್ಮ ವರದಿ ಬಂದದ್ದು ಮೊನ್ನೆ ಮಂಗಳವಾರ ಅಲ್ಲವೇ, ಈ ಮನುಷ್ಯನಿಗೆ ನಾಲ್ಕು ವಾರ ಮೊದಲೇ ಹೇಗೆ ಗೊತ್ತಾಯಿತು ಎಂದು ಕೇಳುತ್ತ ಅವರು ಪುಡಿಯನ್ನು ಮತ್ತೆ ಮಡಚಲು ನೋಡಿದರು. ಆಗಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಚೆಲ್ಲುತ್ತಿತ್ತು.

ಸಂಘಮಿತ್ರಾ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. ಅಂಚು ಮಡಚಿ, ಮತ್ತೊಮ್ಮೆ ಮಡಚಿ, ಎರಡು ತುದಿಗಳನ್ನು ಹಿಂದಕ್ಕೆ ತಂದು, ಎಡಗಡೆಯ ಮೂಲೆಯನ್ನು ಬಲಗಡೆಯ ಜೇಬಿನೊಳಗೆ ತೂರಿಸಿದಳು. ಯೋಚಿಸದೆಯೇ ಬೆರಳುಗಳು ಆಡಿದ್ದವು. ಕಾಗದದ ಹಳೆಯ ಮಡಿಕೆಯ ಗೆರೆಗಳೂ ಅದೇ ದಿಕ್ಕಿಗಿದ್ದವು, ಕಣದಷ್ಟೂ ಚೆಲ್ಲಲಿಲ್ಲ.

“ನಿಮಗೆ ಬರುತ್ತಲ್ಲ,” ಎಂದರು ಅಮೃತಾ.

ಅವಳು ತನ್ನ ಕೈಗಳನ್ನೇ ನೋಡುತ್ತಿದ್ದಳು. ಇದನ್ನು ಅವಳು ಕಾಲೇಜಿನಲ್ಲಿ ಕಲಿತದ್ದಲ್ಲ. ಎಂಟನೇ ವಯಸ್ಸಿನಲ್ಲಿ, ಆಸ್ಪತ್ರೆಯ ಕ್ವಾರ್ಟರ್ಸಿನ ಜಗಲಿಯ ಮೇಲೆ ಕೂತು ಕಲಿತದ್ದು. ಎಲ್ಲ ಕಾಂಪೌಂಡರುಗಳೂ ಬಲಮೂಲೆಯನ್ನು ಎಡಕ್ಕೆ ತೂರಿಸುತ್ತಿದ್ದರು. ಎಡಗೈ ಬಳಸುತ್ತಿದ್ದ ಒಬ್ಬರು ಮಾತ್ರ ತಿರುಗಿಸಿ ಮಡಚುತ್ತಿದ್ದರು.

ಬೋರಲು ಬಿದ್ದಿದ್ದ ಫೋನನ್ನು ಎತ್ತಿ ನೋಡಿದಳು. ಅಪ್ಪನಿಂದ ಮೂರು ಕರೆಗಳು ಬಂದಿದ್ದವು.

ಹರಪನಹಳ್ಳಿಯಿಂದ ಕೊಟ್ಟೂರು ದಾಟಿ ಕೂಡ್ಲಿಗಿ ಸೇರುವವರೆಗೆ ಅವಳು ಫೋನನ್ನು ಕೈಯಲ್ಲೇ ಹಿಡಿದಿದ್ದಳು. ಅಪ್ಪನಿಗೆ ತಿರುಗಿ ಕರೆ ಮಾಡಲಿಲ್ಲ. ಏನು ಕೇಳಬೇಕೆಂದು ಯೋಚಿಸಲು ನೋಡಿದಳು. ಸ್ಯಾಂಪಲ್ ರಸೀದಿಯ ಪುಸ್ತಕದಲ್ಲಿ ಎಷ್ಟು ಹಾಳೆ ಉಳಿದಿವೆ ಎಂಬುದಷ್ಟೇ ತಲೆಗೆ ಬಂತು.

ಮನೆಯ ಬಾಗಿಲು ತೆರೆದೇ ಇತ್ತು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಅವರ ಪಕ್ಕದಲ್ಲಿ ಹೊಸದಾಗಿ ಕಟ್ಟು ಹಾಕಿಸಿದ ಅವ್ವನ ಫೋಟೊ. ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ಅಪ್ಪ ಕೂತಿದ್ದ. ಮುಂದೆ ಹಿತ್ತಾಳೆಯ ಪುಟ್ಟ ತಕ್ಕಡಿ, ಚೌಕವಾಗಿ ಕತ್ತರಿಸಿದ ಬಿಳಿ ಕಾಗದಗಳು, ಹಸಿರು ಲೇಬಲ್ಲಿನ ಡಬ್ಬಗಳು. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಕೊಟ್ಟು ನಿವೃತ್ತನಾದ ಭೀಮರಾಜ ಏನನ್ನೂ ಮುಚ್ಚಿಡಲಿಲ್ಲ. ಕನ್ನಡಕದ ಮೇಲಿನಿಂದ ಮಗಳನ್ನು ನೋಡಿದ.

“ಫೋನ್ ಎತ್ತಲಿಲ್ಲ ನೀ.”

ಅವಳು ಎದುರಿಗೆ ಕೂತು, ಹರಪನಹಳ್ಳಿಯಿಂದ ತಂದ ಮಡಿಕೆಯನ್ನು ಚಾಪೆಯ ಮೇಲಿಟ್ಟಳು. “ಇದು ನಿನ್ನ ಮಡಿಕಿ.”

“ಹೌದು.”

“ಎಷ್ಟು ಮಂದಿಗೆ ಕೊಟ್ಟೀ?”

“ಏಳು ಊರು. ನಲವತ್ತೊಂದು ಮಂದಿ. ತೆಲಿಗಿಯಾಗ ಹನ್ನೊಂದು, ನೀಲಗುಂದದಾಗ ಆರು. ಪಟ್ಟಿ ಐತಿ.”

ಅವಳು ಬ್ಯಾಗಿನಿಂದ ನಮೂನೆ ತೆಗೆದಳು. ಹೆಸರು ಎಂಬಲ್ಲಿ ಭೀಮರಾಜ ಎಂದು ಬರೆದಳು. ತಂದೆಯ ಹೆಸರು ಎಂಬಲ್ಲಿ ಸುಂಕಪ್ಪ ಎಂದು ತನ್ನ ತಾತನ ಹೆಸರು ಬರೆದಳು. ವಯಸ್ಸು ಅರವತ್ತೇಳು. ಅಕ್ಷರಗಳು ದುಂಡಗೆ ಬಂದವು. ಸುಳ್ಳು ಲೇಬಲ್ಲಿನ ಔಷಧವನ್ನು ಇಟ್ಟುಕೊಳ್ಳುವುದು, ಬಿಚ್ಚಿ ಮತ್ತೆ ತುಂಬುವುದು, ಹಂಚುವುದು, ಮೂರೂ ಅಪರಾಧ. ಅಪ್ಪನಿಗೆ ಅದು ಅವಳಿಗಿಂತ ಚೆನ್ನಾಗಿ ಗೊತ್ತಿತ್ತು.

ಮಾಲು ಎಲ್ಲಿಯದೆಂದು ಕೇಳಿದಳು. ಕೂಡ್ಲಿಗಿಯಲ್ಲಿ ಏಜೆನ್ಸಿ ಹಿಡಿಯುತ್ತೇನೆಂದು ನಂಬಿಸಿ ಪ್ರವೀಣಕುಮಾರನಿಂದ ಡಬ್ಬಗಳನ್ನು ತರಿಸಿಕೊಂಡೆ ಎಂದ ಅಪ್ಪ. ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ತೋರಿಸಿ ಎಂದು ಮೊದಲು ಊರೂರಿಗೆ ಹೇಳಿ ನೋಡಿದನಂತೆ. ಯಾರೂ ಹೋಗಲಿಲ್ಲವಂತೆ. ಇದು ಬೇರು, ಎಲೆ, ಇದಕ್ಕೆ ಡಾಕ್ಟರ್ ಯಾಕೆ ಎಂದರಂತೆ.

“ಒಳಗೇನೈತಿ ಅಂತ ನಿನಗ ಯಾವಾಗಿಂದ ಗೊತ್ತಿತ್ತು?”

ಅಪ್ಪ ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ನಿಲ್ಲಿಸಿದ. “ನಿಮ್ಮವ್ವನ ಮಾರಿ ದುಂಡಗಾತಲ್ಲ, ಆವಾಗಿಂದ.”

“ಒಂದು ವರ್ಷ.”

“ಒಂದು ವರ್ಷ.”

“ಸುಮ್ಮನಿದ್ದಿ.”

“ಸುಮ್ಮನಿದ್ದೆ. ಆಕಿ ಅಂಗನವಾಡಿಗೆ ನಡಕೊಂಡು ಹೋಗಾಕತ್ತಿದ್ಲು ಮಿತ್ರಾ. ಕೆಳಗ ಕುಂತು ಮಕ್ಕಳಿಗೆ ಬಡಸಾಕತ್ತಿದ್ಲು. ಬಿಡಸ್ಬೇಕು, ಮೆಲ್ಲಕ ಬಿಡಸ್ಬೇಕು ಅನ್ಕೊಂತ ಇದ್ದೆ. ಇವತ್ತು ಬ್ಯಾಡ, ಮುಂದಿನ ವಾರ. ಅನ್ಕೊಂತ ಅನ್ಕೊಂತ ವರ್ಷ ಹೋತು.”

ಹೊರಗೆ ಯಾರೋ ಕೊಡ ತೊಳೆಯುತ್ತಿದ್ದರು. ಸಂಘಮಿತ್ರಾ ಪೆನ್ನು ಕೆಳಗಿಟ್ಟಳು.

“ಅವ್ವನ ಪುಡಿ ಚೆಲ್ಲಿದ್ದು ನಾನು.”

“ಗೊತ್ತೈತಿ.”

“ಯಾವಾಗ ಗೊತ್ತಾತು?”

“ನಾ ಹಡಗಲಿಗೆ ಹೋಗಿದ್ದೆನಲ್ಲ, ಗೆಳ್ಯಾನ ಮಗನ ಮದುವಿಗೆ. ಗುರುವಾರ ಮುಂಜಾನಿ ಬಂದ್ರ ಆಕಿ ವಾಂತಿ ಮಾಡ್ಕೊಂಡು ಬಿದ್ದಿದ್ಲು. ಬಚ್ಚಲದಾಗ ಖಾಲಿ ಡಬ್ಬಿ ಇತ್ತು, ಭಾನುವಾರ ಬಂದು ಹೋದಾಕಿ ನೀ ಒಬ್ಬಾಕಿ. ಆಟೊದಾಗ ಹಾಕ್ಕೊಂಡು ಹೋಗೂದ್ರೊಳಗ ನಾಡಿ ಸಿಗಲಿಲ್ಲ.” ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. “ನಾ ನಿನಗ ಮೊದಲೇ ಒಂದು ಮಾತು ಹೇಳಿದ್ರ ನೀ ಚೆಲ್ತಿದ್ದಿಲ್ಲ. ನೀ ನನಗ ಒಂದು ಫೋನ್ ಮಾಡಿದ್ರ ನಾ ಓಡಿ ಬರ್ತಿದ್ದೆ. ಇಬ್ಬರೂ ಮಾಡಲಿಲ್ಲ.”

ಅವಳಿಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ತನ್ನ ಮೇಲೂ ಬರಲಿಲ್ಲ. ಎದೆಯ ಜಾಗದಲ್ಲಿ ಒದ್ದೆ ಗೋಣಿಚೀಲ ಇಟ್ಟ ಹಾಗೆ ಭಾರವಿತ್ತು, ಅಷ್ಟೆ. ಮತ್ತೆ ಪೆನ್ನೆತ್ತಿಕೊಂಡಳು. ಉದ್ಯೋಗ ಎಂಬಲ್ಲಿ ನಿವೃತ್ತ ಫಾರ್ಮಸಿಸ್ಟ್ ಎಂದು ಬರೆದಳು.

“ಬರಿ, ಬ್ಯಾಡ ಅನ್ನಂಗಿಲ್ಲ. ಸಹಿ ಹಾಕ್ತೀನಿ,” ಎಂದ ಅಪ್ಪ. “ಆದ್ರ ನಾ ಫೋನ್ ಮಾಡಿದ್ದು ಅದಕ್ಕಲ್ಲ. ಮೊದಲು ಇದನ್ನ ನೋಡು.”

ಎರಡು ಕಾಗದದ ಮೇಲೆ ಎರಡು ಚಿಟಿಕೆ ಪುಡಿ ಹಾಕಿ ಮುಂದಕ್ಕೆ ಸರಿಸಿದ. ಎರಡಕ್ಕೂ ಒಂದೇ ಬಣ್ಣ, ಒಂದೇ ವಾಸನೆ. ನಾಲಿಗೆಗೆ ಹಚ್ಚಿ ನೋಡು ಎಂದ. ಸಂಘಮಿತ್ರಾ ಬೆರಳು ಅದ್ದಿ ಮೊದಲನೆಯದನ್ನು ನಾಲಿಗೆಗಿಟ್ಟಳು. ಮೊದಲು ಶುಂಠಿ, ಮೆಣಸು. ಅದರ ಬೆನ್ನಿಗೇ ನಾಲಿಗೆಯ ಬುಡದಲ್ಲಿ ಮಾತ್ರೆ ಅಗಿದಂಥ ಕಹಿ. ನೀರು ಕುಡಿದರೂ ಅದು ಹೋಗಲಿಲ್ಲ.

ಎರಡನೆಯದನ್ನಿಟ್ಟಳು. ಶುಂಠಿ, ಮೆಣಸು. ಕಾದಳು. ಮತ್ತೇನೂ ಬರಲಿಲ್ಲ. ಇನ್ನೊಮ್ಮೆ ಹಚ್ಚಿ ನೋಡಿದಳು.

“ಇದ್ರಾಗ ಏನೂ ಇಲ್ಲ,” ಎಂದಳು.

“ಏನೂ ಇಲ್ಲ. ಸೋಮವಾರ ಬಂದ ಹೊಸ ಮಾಲು ಅದು. ಹಳೇದು ತೀರಿತ್ತಂತ ಇವತ್ತು ಮುಂಜಾನಿ ಡಬ್ಬಿ ಒಡದೆ, ತೂಕ ಹಾಕೂದಕ್ಕ ಮೊದಲು ನಾಲಿಗಿಗೆ ಹಚ್ಚಿದೆ. ಆಗಲಿಂದ ನಿನಗ ಫೋನ್ ಮಾಡಾಕತ್ತೀನಿ. ನನ್ನ ಏಳು ಊರಿನ ಅಂಗಡಿಗೆಲ್ಲ ಹೇಳೀನಿ, ಹೊಸಾದು ಕೊಡಬ್ಯಾಡ್ರಿ ಅಂತ. ಉಳಿದ ಊರು ನನಗ ಗೊತ್ತಿಲ್ಲ.”

ಅವಳಿಗೆ ತೆಲಿಗಿಯ ಅಂಗಡಿ ಕಣ್ಣಿಗೆ ಬಂತು. ಎಷ್ಟು ಬೇಕಾದರೂ ಸ್ಯಾಂಪಲ್ ತೆಗೆದುಕೊಳ್ಳಿ, ಎರಡು ಹೆಚ್ಚಿಗೆ ತೆಗೆದುಕೊಳ್ಳಿ. ಇದನ್ನು ತಯಾರಿಸುವ ಕೈ ಯಾವುದೋ, ಅದಕ್ಕೆ ಪ್ರಕರಣದ ಸುಳಿವು ಸಿಕ್ಕಿತ್ತು. ಸಿಕ್ಕ ಕೂಡಲೇ ಪುಡಿಯಿಂದ ಔಷಧವನ್ನು ತೆಗೆದುಬಿಟ್ಟಿತ್ತು. ಅವಳು ಅರಗು ಹಾಕಿದ ನಾಲ್ಕು ಭಾಗವೂ ಪ್ರಯೋಗಾಲಯದಲ್ಲಿ ತೇರ್ಗಡೆಯಾಗುತ್ತವೆ. ಲೇಬಲ್ಲಿನ ಮೇಲೆ ಬರೆದದ್ದು ಅಕ್ಷರಶಃ ನಿಜವಾಗಿತ್ತು.

ವರ್ಷಗಟ್ಟಲೆ ತಿಂದವರು ಅದನ್ನೇ ತಂದು, ಒಂದು ದಿನವೂ ತಪ್ಪಿಸದೆ ತಿನ್ನುತ್ತಿದ್ದರು. ತಿನ್ನುತ್ತಲೇ ಅವರ ಔಷಧ ನಿಂತುಹೋಗಿತ್ತು.

“ಸೋಮವಾರ,” ಎಂದಳು. ಬೆರಳು ಮಡಚಿದಳು. ಮಂಗಳವಾರ, ಬುಧವಾರ, ಗುರುವಾರ.

ಅಪ್ಪ ಹೊಸ ಡಬ್ಬದ ಮುಚ್ಚಳ ಒತ್ತಿ ಬದಿಗೆ ಸರಿಸಿದ.

ಹೊಸ ಮಾಲು ಯಾವ ಯಾವ ಊರಿಗೆ ಹೋಗಿದೆ ಎಂದು ಗೊತ್ತಿದ್ದದ್ದು ಒಬ್ಬನಿಗೆ. ಅವಳು ಪ್ರವೀಣಕುಮಾರನ ನಂಬರ್ ಒತ್ತಿದಳು. ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಗೋದಾಮಿನ ನಂಬರನ್ನೂ ಯಾರೂ ಎತ್ತಲಿಲ್ಲ. ಮೂರನೇ ಸಲ ಒತ್ತುವಷ್ಟರಲ್ಲಿ ಅವಳ ಫೋನೇ ಬಡಿದುಕೊಂಡಿತು. ಡಾಕ್ಟರ್ ಅಮೃತಾ.

ಅವರ ದನಿಯ ಹಿಂದೆ ಬಹಳ ಜನರ ಗದ್ದಲ ಕೇಳುತ್ತಿತ್ತು. ನೀವು ಹೋದ ಮೇಲೆ ನಾಲ್ಕು ಜನ ಬಂದಿದ್ದಾರೆ ಎಂದರು. ಹಡಗಲಿ ಕಡೆಯ ಇಬ್ಬರು ಹೆಂಗಸರು, ಹಗರಿಬೊಮ್ಮನಹಳ್ಳಿಯ ಒಬ್ಬ ಅಜ್ಜ, ಇದೇ ಊರಿನ ಒಬ್ಬರು. ಎಲ್ಲರಿಗೂ ವಾಂತಿ, ಬಿ.ಪಿ. ಸಿಗುತ್ತಿಲ್ಲ, ಎಲ್ಲರದೂ ಗುಂಡು ಮುಖ. ಪುಡಿ ನಿಲ್ಲಿಸಿದ್ದೀರಾ ಎಂದರೆ ಇಲ್ಲ, ಇವತ್ತು ಬೆಳಿಗ್ಗೆಯೂ ತಿಂದಿದ್ದೇವೆ ಎನ್ನುತ್ತಾರೆ.

“ನಿಂತಿದೆ ಡಾಕ್ಟ್ರೇ. ಅವರಿಗೆ ಗೊತ್ತಿಲ್ಲ,” ಎಂದಳು ಸಂಘಮಿತ್ರಾ. “ಹೊಸ ಪುಡಿಯಲ್ಲಿ ಸ್ಟೆರಾಯ್ಡ್ ಇಲ್ಲ. ಒಮ್ಮೆಲೇ ಬಿಟ್ಟವರು ಅಂತಲೇ ತಿಳಿದು ಇಂಜೆಕ್ಷನ್ ಕೊಡಿ.”

ಆ ಕಡೆ ಅಮೃತಾ ಯಾರಿಗೋ ಸಲೈನ್ ಹಚ್ಚಲು, ಇಂಜೆಕ್ಷನ್ ತರಲು ಹೇಳಿದ್ದು ಕೇಳಿಸಿತು. ಫೋನಿಗೆ ಮರಳಿದಾಗ ದನಿ ಇಳಿದಿತ್ತು.

“ಇದೇ ಊರಿನವರು ಅಂದೆನಲ್ಲ, ಅವರ ಜೇಬಲ್ಲಿ ನಿಮ್ಮ ಸಹಿ ಇರೋ ನೋಟಿಸ್ ಸಿಕ್ಕಿದೆ. ನಾಳೆ ಹಾಜರಾಗಬೇಕು ಅಂತ. ಪ್ರವೀಣಕುಮಾರ್ ಅಂತ ಹೆಸರು. ಸೊಂಟ ನೋವಿಗೆ ಮೂರು ವರ್ಷದಿಂದ ಇದನ್ನೇ ತಿಂತಿದ್ರಂತೆ.”

ಸಂಘಮಿತ್ರಾ ಎದ್ದು ನಿಂತಳು. ಮಡಿಲಲ್ಲಿದ್ದ ನಮೂನೆ ಕೆಳಗೆ ಬಿತ್ತು. ಸ್ಯಾಂಪಲ್ ಕೊಡಿ ಎಂದು ಫೋನಿನಲ್ಲಿ ಬಂದ ಮಾತನ್ನು ಅವನು ದಾಟಿಸಿದ್ದನಷ್ಟೆ, ಒಳಗೇನಿತ್ತೆಂದು ಅವನಿಗೂ ಗೊತ್ತಿರಲಿಲ್ಲ. ಲೇಬಲ್ ಓದಿ ನಂಬಿದವರಲ್ಲಿ ಅವನೂ ಒಬ್ಬ.

“ಮಾತಾಡ್ತಿದ್ದಾರಾ? ಹೊಸ ಮಾಲು ಯಾವ್ಯಾವ ಊರಿಗೆ ಹೋಗಿದೆ ಅಂತ ಅವರೊಬ್ಬರಿಗೇ ಗೊತ್ತು.”

“ಬಂದಾಗ ಆಡ್ತಿದ್ರು. ಬರೀ ಗಿಡಮೂಲಿಕೆ, ಬರೀ ಗಿಡಮೂಲಿಕೆ ಅಂತ ಅದನ್ನೇ.”

“ಈಗ?”

“ಈಗ ಪ್ರಜ್ಞೆ ಇಲ್ಲ ಮೇಡಂ.”